ಅಪ್ಪನ ಕೈಗೆ ಮತ್ತೆ ಸೀಲು

ನಮ್ಮತ್ತೆ ಕ್ಯಾಂಡಿ ಕ್ರಶ್‌ನಲ್ಲಿ 3,000ನೇ ಲೆವೆಲ್ ದಾಟಿ ಎಷ್ಟೋ ಕಾಲವಾಯಿತು. ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಆಡುತ್ತಾರೆ. ರಾತ್ರಿ ಧಾರಾವಾಹಿ ನಡುವೆ ಜಾಹೀರಾತು ಬಂದಾಗಲೆಲ್ಲ ಒಂದೆರಡು ನಿಮಿಷ. ಆದರೆ "ನೀವು ವಿಡಿಯೋ ಗೇಮ್ ಆಡ್ತೀರಾ?" ಅಂತ ಯಾರಾದರೂ ಕೇಳಿದರೆ ಸಿಟ್ಟು ಬರುತ್ತದೆ. "ಅದೆಲ್ಲ ಹುಡುಗರ ಕೆಲಸ. ನಾನ್ಯಾಕೆ ಆಡಲಿ?"

ನಾನು ಗೇಮ್ ಮಾಡುವ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಅತ್ತೆಯ ಈ ಉತ್ತರವನ್ನು ಆಫೀಸಿನ ಮೀಟಿಂಗ್‌ನಲ್ಲೂ ಕೇಳಿದ್ದೇನೆ, ಬೇರೆ ಮಾತಿನಲ್ಲಿ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಐವತ್ತು ದಾಟಿದವರಿಗೂ ಹಿಡಿಸುವಂಥ ಒಂದು ಕತೆಯ ಆಟ ಮಾಡೋಣ ಅಂತ ಹತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಮೂರನೇ ಸ್ಲೈಡಿಗೇ ನಿಲ್ಲಿಸಿದರು. "35 ದಾಟಿದವರು ಗೇಮ್ ಆಡಲ್ಲ, ಆಡಿದರೂ ದುಡ್ಡು ಕೊಡಲ್ಲ" ಅಂದರು. ಅದನ್ನು ಹೇಳಿದವರಿಗೇ ಆಗ 38 ವರ್ಷ. ರಾತ್ರಿ ಎರಡು ಗಂಟೆವರೆಗೆ ಆಡಿ ಬೆಳಗ್ಗೆ ಆಕಳಿಸುತ್ತಾ ಬರುತ್ತಿದ್ದ ಮನುಷ್ಯ. ಇರಲಿ.

ಇವತ್ತು ಹೇಳಬೇಕಾಗಿರುವುದು ಅಪ್ಪನ ವಿಷಯ.

ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 34 ವರ್ಷ ಸರ್ವೀಸು. ಪಹಣಿ, ಖಾತೆ, ಜಾತಿ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಎಲ್ಲ ಟೇಬಲ್ಲಿನಲ್ಲೂ ಕೂತು ಎದ್ದಿದ್ದಾರೆ. 2001ರ ಹೊತ್ತಿಗೆ 'ಭೂಮಿ' ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದಾಗ ಅವರಿಗೆ 49. ಮೌಸ್ ಹಿಡಿಯಲು ಕಲಿತದ್ದು ಆಗಲೇ. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಫೋನಿನಲ್ಲಿ ವಾಟ್ಸಾಪ್, ಪಂಚಾಂಗದ ಆಪ್, ಅಷ್ಟೇ.

ಹೋದ ದೀಪಾವಳಿಗೆ ಬೆಂಗಳೂರಿಗೆ ಬಂದಾಗ ಅವರ ಕೈಗೆ ನನ್ನ ಟ್ಯಾಬ್ ಕೊಟ್ಟು ಒಂದು ಆಟ ತೆಗೆದುಕೊಟ್ಟೆ. ಪೇಪರ್ಸ್, ಪ್ಲೀಸ್ ಅಂತ ಹೆಸರು. 2013ರಲ್ಲಿ ಬಂದದ್ದು. ಲೂಕಸ್ ಪೋಪ್ ಅನ್ನುವವರು ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ್ದು. ಅದಕ್ಕೆ ಮೊದಲು ಅವರು ದೊಡ್ಡ ಸ್ಟುಡಿಯೋದಲ್ಲಿ ಅನ್‌ಚಾರ್ಟೆಡ್ ಥರದ ಭರ್ಜರಿ ಸಾಹಸದ ಆಟಗಳಿಗೆ ಕೆಲಸ ಮಾಡಿದವರು. ಆಮೇಲೆ ದೇಶ ದೇಶ ಓಡಾಡುವಾಗ, ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ನೋಡುವ ಆಫೀಸರುಗಳನ್ನು ನೋಡಿ ನೋಡಿ ಈ ಆಟ ಹೊಳೆಯಿತಂತೆ. ಯೋಚಿಸಿ. ಜಗತ್ತಿನಲ್ಲೇ ಅತಿ ಬೇಸರದ ಕೆಲಸ ಅದು. ಅದೇ ಆಟ.

1982ರ ನವೆಂಬರ್. ಆರ್ಸ್ಟೋಟ್ಸ್ಕಾ ಅನ್ನೋ ಕಟ್ಟುಕತೆಯ ದೇಶ. ನಿಮಗೆ ಗಡಿಯ ಗೂಡಿನಲ್ಲಿ ಕೆಲಸ ಸಿಕ್ಕಿದೆ. ಜನ ಒಬ್ಬೊಬ್ಬರೇ ಬಂದು ಕಾಗದ ಕೊಡುತ್ತಾರೆ. ನೀವು ನೋಡಿ ಹಸಿರು ಸೀಲೋ ಕೆಂಪು ಸೀಲೋ ಒತ್ತಬೇಕು. ಸಂಜೆ ಆರಕ್ಕೆ ಬಾಗಿಲು ಹಾಕುತ್ತದೆ.

ಅಪ್ಪ ಮೊದಲು ಮಾಡಿದ್ದೇನು ಗೊತ್ತಾ? ನಿಯಮದ ಪುಸ್ತಕ ತೆಗೆದು ಓದಲು ಕೂತರು. ಪೂರ್ತಿ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರೂ ಆ ಪುಸ್ತಕವನ್ನು ಮೊದಲು ಓದಿದ್ದು ನಾನು ಕಂಡಿಲ್ಲ. ಎಲ್ಲರೂ ಪಟಪಟ ಒತ್ತಿ, ತಪ್ಪಾದ ಮೇಲೆ ನೋಡುವವರು.

"ಅಪ್ಪ, ಹೊರಗೆ ಜನ ಸಾಲು ನಿಂತಿದ್ದಾರೆ."

"ನಿಲ್ಲಲಿ. ರೂಲ್ಸ್ ನೋಡದೆ ಸೀಲು ಒತ್ತಕ್ಕಾಗತ್ತಾ?"

ಆಟ ಕನ್ನಡದಲ್ಲಿಲ್ಲ. ಅದು ತೊಡಕಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅದರಲ್ಲಿರುವುದು ಕಚೇರಿ ಇಂಗ್ಲಿಷು. ಪರ್ಮಿಟ್, ವ್ಯಾಲಿಡ್, ಎಕ್ಸ್‌ಪೈರ್ಡ್, ಡಿನೈಡ್. ಅದು ಅಪ್ಪನ ಎರಡನೇ ಮಾತೃಭಾಷೆ.

ಮೊದಲ ದಿನ ಅವರು ನೋಡಿದ್ದು ನಾಲ್ಕೇ ಜನರನ್ನು. ಒಂದೂ ತಪ್ಪಿಲ್ಲ. ಸಂಜೆ ಲೆಕ್ಕದ ಪರದೆ ಬಂತು. ಒಬ್ಬರಿಗೆ 5ರಂತೆ ಕೂಲಿ, ಒಟ್ಟು 20. ಮುಂದಿನ ದಿನಗಳಲ್ಲಿ ಬಾಡಿಗೆಗೆ 20, ಊಟಕ್ಕೆ 20, ಮನೆ ಬೆಚ್ಚಗಿಡಲು 10 ಅಂತ ಖರ್ಚು ಸಾಲುಗಟ್ಟಿತು. ಆಟದ ಆ ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ಅಪ್ಪ ಕನ್ನಡಕ ಮೇಲಕ್ಕೆ ಸರಿಸಿ ಹೇಳಿದರು, "ಎಣಿಕೆ ಮೇಲೆ ಕೂಲಿ ಕೊಟ್ಟರೆ ಯಾವನು ಕಾಗದ ಸರಿಯಾಗಿ ಓದ್ತಾನೆ? ಇದು ತಪ್ಪು ಮಾಡಿಸೋ ವ್ಯವಸ್ಥೆ."

ನಾನು ಸುಮ್ನೆ ಕೂತೆ. ಆ ಆಟದ ವಿನ್ಯಾಸದ ಬಗ್ಗೆ ನಾನು ಗಂಟೆಗಟ್ಟಲೆ ಮಾತು ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಜೋರ್ಜಿ ಅಂತ ಒಬ್ಬ ಮುದುಕ ಬರುತ್ತಾನೆ. ಮೊದಲ ಸಲ ಕಾಗದವೇ ಇಲ್ಲದೆ ಬರುತ್ತಾನೆ. ಮತ್ತೆ ಬಂದಾಗ ತಾನೇ ಗೀಚಿದ ಪಾಸ್‌ಪೋರ್ಟ್ ಇರುತ್ತದೆ, ಇಲ್ಲದ ಒಂದು ದೇಶದ್ದು. ವಾಪಸ್ ಕಳಿಸಿದರೆ ಬೇಜಾರೂ ಇಲ್ಲ, ನಗುತ್ತಾ ಹೋಗುತ್ತಾನೆ. ಅಪ್ಪ ಬಿದ್ದು ಬಿದ್ದು ನಕ್ಕರು. "ನಮ್ಮಲ್ಲೂ ಒಬ್ಬ ಇದ್ದ. ಅವನ ಅರ್ಜಿಗೆ ಅವನೇ ಷರಾ ಬರೆದುಕೊಂಡು ಬರ್ತಿದ್ದ."

ತಪ್ಪು ಮಾಡಿದರೆ ತಕ್ಷಣ ಪಕ್ಕದ ಯಂತ್ರದಿಂದ ಕಿರ್ರ್ ಅಂತ ಒಂದು ಚೀಟಿ ಬರುತ್ತದೆ. ದಿನಕ್ಕೆ ಮೊದಲ ಎರಡು ಚೀಟಿ ಬರೀ ಎಚ್ಚರಿಕೆ. ಮೂರನೆಯದರಿಂದ ದಂಡ. "ಮೆಮೊ ಇಷ್ಟು ಬೇಗ ಬಂದಿದ್ದರೆ ನಮ್ಮ ಕಚೇರಿ ಎಷ್ಟೋ ಉದ್ಧಾರ ಆಗ್ತಿತ್ತು" ಅಂದರು.

ಆಮೇಲೆ ಆ ಗಂಡ ಹೆಂಡತಿ ಬಂದರು. ಗಂಡನ ಕಾಗದ ಎಲ್ಲ ಸರಿ. ಹೋಗುವಾಗ, ನನ್ನ ಹಿಂದೆ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಅನ್ನುತ್ತಾನೆ. ಹೆಂಡತಿ ಬಂದಳು. ಪಾಸ್‌ಪೋರ್ಟ್ ಇದೆ, ಪ್ರವೇಶದ ಪರ್ಮಿಟ್ ಇಲ್ಲ. ಕೊಡಲಿಲ್ಲ ಅನ್ನುತ್ತಾಳೆ. ವಾಪಸ್ ಹೋದರೆ ಸಾಯಿಸುತ್ತಾರೆ ಅನ್ನುತ್ತಾಳೆ.

ಅಪ್ಪನ ಬೆರಳು ನಿಂತಿತು. ಅವತ್ತು ಆಗಲೇ ಎರಡು ಚೀಟಿ ಬಂದಿದ್ದವು. ಹಿಂದಿನ ರಾತ್ರಿ ಆಟದ ಮನೆಯ ಮಗನಿಗೆ ಹುಷಾರಿರಲಿಲ್ಲ. ಅವರು ಟ್ಯಾಬನ್ನು ಸೋಫಾ ಮೇಲೆ ಮಗುಚಿಟ್ಟು ಬಾಲ್ಕನಿಗೆ ಹೋದರು. ನಾನೂ ಹೋದೆ. ಪಕ್ಕದ ಬೀದಿಯಲ್ಲಿ ಹುಡುಗರು ಪಟಾಕಿ ಸರ ಹಚ್ಚುತ್ತಿದ್ದರು. ಅದು ಮುಗಿಯುವವರೆಗೆ ಕಾದು ಹೇಳಿದರು. ವೃದ್ಧಾಪ್ಯ ವೇತನಕ್ಕೆ ಒಬ್ಬ ಅಜ್ಜಿ ಬರುತ್ತಿದ್ದಳಂತೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಓಟಿನ ಚೀಟಿಯಲ್ಲಿ ಇನ್ನೊಂದು. ಸರಿ ಮಾಡಿಸಿಕೊಂಡು ಬಾ ಅಂತ ಮೂರು ಸಲ ವಾಪಸ್ ಕಳಿಸಿದರಂತೆ. ನಾಲ್ಕನೇ ಸಲ ಬರಲಿಲ್ಲ.

ಅಷ್ಟೇ ಹೇಳಿದ್ದು. ಅಮ್ಮನಿಗೂ ಈ ಕತೆ ಗೊತ್ತಿರಲಿಲ್ಲ.

ಒಳಗೆ ಬಂದು ಅಪ್ಪ ಕೆಂಪು ಸೀಲು ಒತ್ತಿದರು. ನಾನು ಹಸಿರು ಒತ್ತುತ್ತಾರೆ ಅಂತಲೇ ಅಂದುಕೊಂಡಿದ್ದೆ. ಮಾರನೇ ದಿನ ಕಾಫಿ ಕುಡಿಯುತ್ತಾ ಕೇಳಿದರು, "ಅದರಲ್ಲಿ ಹಳೇ ದಿನಕ್ಕೆ ವಾಪಸ್ ಹೋಗಬಹುದಾ?" ಹೋಗಬಹುದು ಅಂದೆ. ಈ ಆಟದಲ್ಲಿ ಯಾವ ದಿನದಿಂದ ಬೇಕಾದರೂ ಮತ್ತೆ ಶುರು ಮಾಡಬಹುದು. ಸ್ವಲ್ಪ ಹೊತ್ತು ಯೋಚಿಸಿ, "ಬೇಡ ಬಿಡು" ಅಂದರು.

ದೊಡ್ಡವರ ಆಟ ಅಂದರೆ ಏನು ಅಂತ ನಮ್ಮ ವೃತ್ತಿಯಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಥರದ ಆಟಗಳ ರಕ್ತಪಾತ ನೋಡಿ ಅಮೆರಿಕದ ಸೆನೆಟ್‌ನಲ್ಲಿ ಗಲಾಟೆ ಆಯಿತು. ಮಾರನೇ ವರ್ಷ ಇ.ಎಸ್.ಆರ್.ಬಿ. ಅನ್ನುವ ರೇಟಿಂಗ್ ಮಂಡಳಿ ಬಂತು. 17 ದಾಟಿದವರಿಗೆ ಅಂತ ಡಬ್ಬದ ಮೇಲೆ 'ಎಂ' ಅಕ್ಷರ, ಅಂದರೆ ಮೆಚ್ಯೂರ್. ನಮ್ಮ ಸಿನಿಮಾಗಳ 'ಎ' ಸರ್ಟಿಫಿಕೇಟ್ ಇದ್ದ ಹಾಗೆ. ಮಕ್ಕಳನ್ನು ದೂರ ಇಡಲು ಅಂಟಿಸಿದ ಚೀಟಿ ಅದು. ಹದಿಮೂರರ ಹುಡುಗರಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇರೆ ಬೇಕಾ? ಕಡೆಗೆ ಮೆಚ್ಯೂರ್ ಅಂದರೆ ರಕ್ತ, ಬೈಗುಳ, ಬಟ್ಟೆ ಇಲ್ಲದ ಮೈ ಅಂತಾಗಿಬಿಟ್ಟಿತು.

ಪೇಪರ್ಸ್, ಪ್ಲೀಸ್‌ನಲ್ಲೂ ಬೆತ್ತಲೆ ಚಿತ್ರ ಇದೆ. ಅನುಮಾನ ಬಂದವರನ್ನು ಸ್ಕ್ಯಾನ್ ಮಾಡುವ ಜಾಗದಲ್ಲಿ. 2014ರಲ್ಲಿ ಐಪ್ಯಾಡಿಗೆ ಬಂದಾಗ ಆಪಲ್ ಮೊದಲು ಅದನ್ನು ತೆಗೆಸಿ, ಆಮೇಲೆ ಬಿಟ್ಟಿತು. ಆಟದ ಸೆಟ್ಟಿಂಗ್‌ನಲ್ಲೇ ಅದನ್ನು ಮುಚ್ಚಿಡಬಹುದು. ಅಪ್ಪನ ಕೈಗೆ ಕೊಡುವ ಮೊದಲು ನಾನು ಮಾಡಿದ ಮೊದಲ ಕೆಲಸ ಅದೇ. ಅದನ್ನು ಮುಚ್ಚಿದ್ದರಿಂದ ಆಟ ಒಂದು ಕೂದಲಷ್ಟೂ ಸಣ್ಣದಾಗಲಿಲ್ಲ. ಅದರ ದೊಡ್ಡತನ ಆ ಪರ್ಮಿಟ್ ಇಲ್ಲದ ಹೆಂಗಸಿನಲ್ಲಿತ್ತು.

ಪೋಲೆಂಡಿನವರು ಮಾಡಿದ ದಿಸ್ ವಾರ್ ಆಫ್ ಮೈನ್ ಕೂಡ ಹೀಗೇ. 2014ರದ್ದು, ತೊಂಬತ್ತರ ದಶಕದಲ್ಲಿ ಬೋಸ್ನಿಯಾದ ಸರಾಯೆವೊ ನಗರಕ್ಕೆ ಬಿದ್ದ ಸೇನೆಯ ಮುತ್ತಿಗೆಯಿಂದ ಹುಟ್ಟಿದ್ದು. ಯುದ್ಧದ ಆಟ, ಆದರೆ ನೀವು ಸೈನಿಕರಲ್ಲ. ಹಸಿದ ಊರಿನವರು. ರಾತ್ರಿ ಹೊರಗೆ ಹೋಗಿ ಏನಾದರೂ ತರಬೇಕು. ಅದರಲ್ಲಿ ಮುದುಕ ಮುದುಕಿ ಇಬ್ಬರೇ ಇರುವ ಒಂದು ಮನೆ ಇದೆ. ನಾನು ಅಲ್ಲಿ ಔಷಧಿ, ಊಟ ಎಲ್ಲ ಬಾಚಿಕೊಂಡು ಬಂದೆ. ಯಾರೂ ತಡೆಯಲಿಲ್ಲ. ಮಾರನೇ ದಿನದಿಂದ ನನ್ನ ಪಾತ್ರ ಮಂಕಾಗಿ ಕೂತ. 2020ರಲ್ಲಿ ಪೋಲೆಂಡ್ ಸರಕಾರ ಆ ಆಟವನ್ನು ಹೈಸ್ಕೂಲು ಮಕ್ಕಳ ಓದಿನ ಪಟ್ಟಿಗೆ ಸೇರಿಸುತ್ತೇವೆ ಅಂತ ಹೇಳಿತು. ಓದಿನ ಪಟ್ಟಿ! ಅದನ್ನು ಅಪ್ಪನಿಗೆ ಕೊಡಲು ನನಗೇ ಧೈರ್ಯ ಬಂದಿಲ್ಲ.

ಆದರೆ ವಿಷಯ ದೊಡ್ಡದಿದ್ದರೆ ಸಾಲದು. ಅಪ್ಪ ಆಡಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಆ ಆಟಕ್ಕೆ ಒಂದು ಬೆರಳು ಸಾಕು.

ಅಮ್ಮನ ಜೊತೆ ಇದನ್ನು ನಾನು ಪಾಠದ ಹಾಗೆ ಕಲಿತೆ. ಒಮ್ಮೆ ಟಿ.ವಿ.ಗೆ ಗೇಮ್ ಪೆಟ್ಟಿಗೆ ಜೋಡಿಸಿ, ಸುಮ್ಮನೆ ಕಾಡಿನಲ್ಲಿ ಅಡ್ಡಾಡುವ ಒಂದು ಆಟ ಹಾಕಿಕೊಟ್ಟೆ. ಹೊಡೆದಾಟ ಇಲ್ಲ, ಏನಿಲ್ಲ. ಕಾಡು ಮಲೆನಾಡಿನ ಹಾಗೇ ಇದೆ, ಅಮ್ಮನಿಗೆ ಖುಷಿಯಾಗುತ್ತದೆ ಅಂತ ನನ್ನ ಲೆಕ್ಕ. ಎಡ ಹೆಬ್ಬೆರಳಲ್ಲಿ ನಡೆಯಬೇಕು, ಬಲ ಹೆಬ್ಬೆರಳಲ್ಲಿ ನೋಡಬೇಕು. ಅಮ್ಮ ಹತ್ತು ನಿಮಿಷ ಆಕಾಶ ನೋಡಿದರು. ಆಮೇಲೆ ಒಂದು ಮರಕ್ಕೆ ಮುಖ ಒತ್ತಿಕೊಂಡು ನಡೆದರು, ನಡೆದರು. "ಕತ್ತು ತಿರುಗಿಸಕ್ಕೂ ಒಂದು ಗುಂಡಿ ಬೇಕೇನೇ?" ಅಂತ ಕೇಳಿ ವಾಪಸ್ ಕೊಟ್ಟರು.

ನಾವು ಇದನ್ನು ಹತ್ತನೇ ವಯಸ್ಸಿನಲ್ಲಿ ಕಲಿತು ಮರೆತಿದ್ದೇವೆ. ಸೈಕಲ್ ಹೊಡೆಯಲು ಬರುವವರಿಗೆ ಬ್ಯಾಲೆನ್ಸ್ ಅನ್ನುವುದು ಒಂದು ಕೆಲಸ ಅಂತಲೇ ಅನ್ನಿಸುವುದಿಲ್ಲ, ಹಾಗೆ. ಜಪಾನಿನ ಗೇಮ್ ಕಂಪನಿ ನಿಂಟೆಂಡೋದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 2006ರಲ್ಲಿ ವೀ ಅಂತ ಪೆಟ್ಟಿಗೆ ತಂದಾಗ ಅದರ ಕಂಟ್ರೋಲರನ್ನು ಬೇಕೆಂದೇ ಟಿ.ವಿ. ರಿಮೋಟಿನ ಆಕಾರದಲ್ಲಿ ಮಾಡಿದರು, ರಿಮೋಟ್ ಅಂತಲೇ ಕರೆದರು. ಮನೆಯಲ್ಲಿ ಯಾರೂ ರಿಮೋಟಿಗೆ ಹೆದರುವುದಿಲ್ಲವಲ್ಲ. ಕೈ ಬೀಸಿದರೆ ಬ್ಯಾಟು ಬೀಸುತ್ತದೆ. 10 ಕೋಟಿಗೂ ಜಾಸ್ತಿ ಮಾರಾಟವಾಯಿತು.

ಅಮ್ಮನಿಗೆ ಆಟದ ಮೇಲೆ ಆಸೆ ಇಲ್ಲ ಅಂತಲ್ಲ. ಚೌಕಾಬಾರದಲ್ಲಿ ಅವರ ಎದುರು ಕೂರಲು ನನ್ನ ಗಂಡನಿಗೆ ಇವತ್ತಿಗೂ ಭಯ. ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ ಅನ್ನುವುದು ನಮ್ಮ ಕಡೆ ನಿಯಮ. ಅಮ್ಮ ಕಡಿಯುವುದಕ್ಕಾಗಿಯೇ ಆಡುತ್ತಾರೆ. ಹಣ್ಣಾಗಲು ಒಂದೇ ಮನೆ ಇರುವ ಅಳಿಯನ ಕಾಯಿಯನ್ನು ನಗುನಗುತ್ತಾ ಕಡಿದ ಹೆಂಗಸು ಅವರು. ಮರದ ಎದುರು ಸೋತದ್ದು ಹೆಬ್ಬೆರಳು, ಅಮ್ಮ ಅಲ್ಲ.

ಆಮೇಲೆ ಅವರಿಗೆ ಹಿಡಿಸಿದ್ದು ಅನ್‌ಪ್ಯಾಕಿಂಗ್. ಆಸ್ಟ್ರೇಲಿಯಾದ ಪುಟ್ಟ ತಂಡವೊಂದು 2021ರಲ್ಲಿ ಮಾಡಿದ್ದು. ಮನೆ ಬದಲಾಯಿಸಿದ ಒಬ್ಬಳ ಪೆಟ್ಟಿಗೆಗಳನ್ನು ಬಿಚ್ಚಿ ಸಾಮಾನು ಜೋಡಿಸುವುದು, ಅಷ್ಟೇ ಆಟ. 1997ರಿಂದ 2018ರವರೆಗೆ ಎಂಟು ಸಲ ಮನೆ ಬದಲಾಗುತ್ತದೆ. ಅವಳು ಮಾತ್ರ ಕಣ್ಣೆದುರಿಗೆ ಬರುವುದಿಲ್ಲ. ಮಾತೇ ಇಲ್ಲದ ಆಟ, ಹಾಗಾಗಿ ಭಾಷೆಯ ತಕರಾರೂ ಇಲ್ಲ.

ತಕರಾರು ಬೇರೆ ಇದ್ದವು. ದೇವರ ಕೋಣೆ ಎಲ್ಲಿ? ಚಪ್ಪಲಿಯನ್ನು ಮಲಗೋ ಕೋಣೆಯಲ್ಲಿ ಇಡ್ತಾರಾ? ಇಷ್ಟೊಂದು ಗೊಂಬೆ ಯಾಕೆ ಹೊತ್ತು ತಿರುಗುತ್ತಾಳೆ? ಗೊಣಗುತ್ತಲೇ ಮೂರು ಮನೆ ಮುಗಿಸಿದರು. 2010ರಲ್ಲಿ ಅವಳು ಒಬ್ಬ ಹುಡುಗನ ಫ್ಲಾಟಿಗೆ ಹೋಗುತ್ತಾಳೆ. ಅಲ್ಲಿ ಅವಳ ಡಿಗ್ರಿ ಸರ್ಟಿಫಿಕೇಟಿಗೆ ಜಾಗ ಇಲ್ಲ. ಗೋಡೆಯಲ್ಲೆಲ್ಲ ಅವನದೇ ಚಿತ್ರಗಳು. ಎಲ್ಲಿಟ್ಟರೂ ಆಟ ಒಪ್ಪುವುದಿಲ್ಲ. ನಾನು ಮೊದಲ ಸಲ ಆಡಿದಾಗ ಇದು ಬಗ್, ಅಂದರೆ ಕೋಡಿನ ತಪ್ಪು, ಇರಬೇಕು ಅಂತ ಇಪ್ಪತ್ತು ನಿಮಿಷ ಒದ್ದಾಡಿದ್ದೆ. ಅಮ್ಮ ಎರಡು ಕಡೆ ಇಟ್ಟು ನೋಡಿದರು. ಮೂರನೆಯದಕ್ಕೆ ನೇರ ಮಂಚದ ಅಡಿಗೆ ತಳ್ಳಿದರು. ಅದೇ ಸರಿ.

"ಹೇಗೆ ಗೊತ್ತಾಯ್ತು?"

"ಬಿಡ್ತಾಳೆ ಇವಳು ಅವನನ್ನ" ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಮುಂದಿನ ಪೆಟ್ಟಿಗೆ ಬಿಚ್ಚಲು ಶುರು ಮಾಡಿದ್ದರು.

ಅಮ್ಮನದು ಹೊಲಿಗೆ ಮೆಷಿನ್ನು ತುಳಿದ ಜೀವನ. ಅವರಿಗೆ ಬಿಡುವು ಅಂದರೆ ಕುಕ್ಕರಿನ ಎರಡು ಸೀಟಿ ನಡುವೆ. ಅರವತ್ತು ಗಂಟೆಯ ಆಟ ಯಾರಿಗೆ ಬೇಕು? ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕತೆ ಹೇಳುವ ವೆಂಬಾ, 2023ರದ್ದು, ಒಂದೇ ಸಂಜೆಗೆ ಮುಗಿಯಿತು. ಅದರಲ್ಲಿ ಇಡ್ಲಿ ತಟ್ಟೆಗಳನ್ನು ಹಬೆ ಆಡುವ ಹಾಗೆ ಜೋಡಿಸುವುದೇ ಮೊದಲ ಒಗಟು. ಅಮ್ಮನಿಗೆ ಅದು ಒಗಟು ಅಂತಲೇ ಗೊತ್ತಾಗಲಿಲ್ಲ.

ಇದೆಲ್ಲ ನೋಡಿದ ಮೇಲೆ ನಾನೂ ಒಂದು ಚಿಕ್ಕ ಆಟ ಮಾಡಲು ಕೂತಿದ್ದೇನೆ. ಶನಿವಾರ, ಭಾನುವಾರ, ಒಬ್ಬಳೇ. ಹೆಸರು ಹಿಸ್ಸೆ. ಮೂವರು ಒಡಹುಟ್ಟಿದವರು, ಒಂದು ಹಳೇ ಮನೆ, ಒಂದು ದಿನ. ಸಾಮಾನುಗಳನ್ನು ಬೆರಳಲ್ಲಿ ಎಳೆದು ಪಾಲು ಮಾಡಬೇಕು. ತಾಮ್ರದ ಹಂಡೆ, ನಾಗಂದಿಗೆ ಮೇಲಿನ ಭರಣಿಗಳು, ಅಪ್ಪನ ಆರಾಮ ಕುರ್ಚಿ, ಹೊಲಿಗೆ ಮೆಷಿನ್ನು. ಟೈಮರ್ ಇಲ್ಲ. ಸಾಯುವುದಿಲ್ಲ, ಗೆಲ್ಲುವುದೂ ಇಲ್ಲ. ನಮ್ಮ ಕಡೆ ಐವತ್ತು ದಾಟಿದ ಎಷ್ಟು ಜನ ಇಂಥ ಒಂದು ದಿನವನ್ನು ಕಂಡಿಲ್ಲ ಹೇಳಿ. ಅದರ ಬಗ್ಗೆ ಆಟ ಯಾಕಿರಬಾರದು?

ಮೊದಲ ಪ್ರೊಟೊಟೈಪ್‌ನಲ್ಲಿ, ಅಂದರೆ ಕಚ್ಚಾ ರೂಪದಲ್ಲಿ, ಮೂವರೂ ತಮಗೆ ಏನು ಬೇಕು ಅಂತ ಹೇಳುತ್ತಿದ್ದರು. ತಲೆಯ ಮೇಲೆ ಗುಳ್ಳೆ ಬಂದು ಅದರಲ್ಲಿ ಹಂಡೆಯ ಚಿತ್ರ ಕಾಣುತ್ತಿತ್ತು. ಅಮ್ಮ ಎರಡು ನಿಮಿಷ ನೋಡಿ ಹೇಳಿದರು, "ಇದು ಸುಳ್ಳು. ಪಾಲಿನ ದಿನ ಯಾರೂ ಬೇಕು ಅಂತ ಬಾಯಿಬಿಡಲ್ಲ. ಎಲ್ಲರೂ ನನಗೇನೂ ಬೇಡ ಅಂತಾರೆ. ಯಾವುದನ್ನ ನೋಡ್ತಾ ಬೇಡ ಅಂತಾರೆ, ಅದು ಬೇಕು ಅಂತ ಅರ್ಥ."

ಅಮ್ಮನಿಗೆ ಇದು ಗೊತ್ತಿರಲೇಬೇಕು. 2005ರಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನು ತಿದ್ದುಪಡಿ ಆಗಿ ದೇಶಕ್ಕೆಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ಅದಾಗಿ ಎರಡು ವರ್ಷಕ್ಕೆ ತವರಲ್ಲಿ ಪಾಲಾಯಿತು. ಅಮ್ಮ ಜಗಲಿಯಲ್ಲಿ ಕೂತು, ನನಗೇನೂ ಬೇಡ ಅಂತ ಸಹಿ ಹಾಕಿ, ಊಟ ಮಾಡಿ ಬಸ್ಸು ಹತ್ತಿದರು. ನಾನು ಜೊತೆಗಿದ್ದೆ. ಅವತ್ತು ಅವರು ಏನನ್ನು ನೋಡುತ್ತಿದ್ದರು ಅಂತ ನಾನು ಗಮನಿಸಲಿಲ್ಲ.

ಹಾಗಾಗಿ ಆಟವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಗುಳ್ಳೆ ತೆಗೆದೆ. ಈಗ ಪಾತ್ರಗಳ ಕಣ್ಣು ಮಾತ್ರ ಆಡುತ್ತದೆ. ಪ್ರತಿ ವಸ್ತುವಿಗೂ ಒಂದು ಗುಂಡಿ ಇಟ್ಟೆ: 'ನನಗೇನೂ ಬೇಡ.' ಹೋದ ತಿಂಗಳು ಊರಿಗೆ ಹೋದಾಗ ಅಮ್ಮನಿಗೆ ಕೊಟ್ಟೆ. ಆಟದಲ್ಲಿ ಅವರು ಅಕ್ಕ, ಉಳಿದ ಇಬ್ಬರು ಕಂಪ್ಯೂಟರಿನ ತಮ್ಮಂದಿರು. ಹಂಡೆ ಬಂತು, ಬೇಡ ಒತ್ತಿದರು. ಭರಣಿ ಬಂತು, ಬೇಡ. ಕುರ್ಚಿ, ಬೇಡ. ಹೊಲಿಗೆ ಮೆಷಿನ್ನು ಬಂತು. ಸ್ವಲ್ಪ ತಡವಾಯಿತು. ಬೇಡ. ಅಷ್ಟು ಹೊತ್ತಿಗೆ ತಮ್ಮಂದಿರೂ ಬೇಡ ಅಂದಿದ್ದರು.

ಆಟ ಅಲ್ಲೇ ನಿಂತುಬಿಟ್ಟಿತು. ಮೂವರೂ ಬೇಡ ಅಂದರೆ ಆ ಸಾಮಾನು ಎಲ್ಲಿಗೆ ಹೋಗಬೇಕು ಅಂತ ನಾನು ಕೋಡ್ ಬರೆದಿರಲಿಲ್ಲ.

"ಕೆಟ್ಟುಹೋಯ್ತಾ?" ಅಂದರು ಅಮ್ಮ.

"ಇಲ್ಲ. ಯಾರಿಗೂ ಬೇಡ ಅಂದರೆ ಅದು ಎಲ್ಲಿಗೆ ಹೋಗತ್ತೆ ಅಂತ ಅದಕ್ಕೆ ಗೊತ್ತಿಲ್ಲ."

"ಅಟ್ಟಕ್ಕೆ ಹೋಗತ್ತೆ, ಮತ್ತೆಲ್ಲಿಗೆ?"

ನನ್ನ ಆಟದ ಮನೆಯಲ್ಲಿ ಅಟ್ಟವೇ ಇರಲಿಲ್ಲ. ಎರಡು ವಾರದಿಂದ ಅದನ್ನೇ ಕಟ್ಟುತ್ತಿದ್ದೇನೆ. ಏಣಿ ಆಗಿದೆ. ಕತ್ತಲು ಇನ್ನೂ ಸರಿಯಾಗಿ ಬಂದಿಲ್ಲ.